ನಾಲ್ಕು ಭಾಷೆ, ಒಂದು ಗಣಿತ: ತಾಂಡಾದ ಮಕ್ಕಳ ಹೈಸ್ಕೂಲು

ದಾವಣಗೆರೆ ಜಿಲ್ಲೆಯ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪವನ್ನು ಬಂಜಾರರು ಭಾಯಾಗಡ ಎನ್ನುತ್ತಾರೆ. ಸಂತ ಸೇವಾಲಾಲರು 1739ರಲ್ಲಿ ಹುಟ್ಟಿದ್ದು ಇಲ್ಲಿಯೇ ಎಂಬುದು ಸಮುದಾಯದ ನಂಬಿಕೆ. ಫೆಬ್ರುವರಿ ನಡುವಿನ ಜಯಂತಿಗೆ ಕರ್ನಾಟಕದ ತಾಂಡಾಗಳ ಜೊತೆಗೆ ಮಹಾರಾಷ್ಟ್ರ, ತೆಲಂಗಾಣ, ಆಂಧ್ರದಿಂದಲೂ ಜನ ಬರುತ್ತಾರೆ. ಅವರಲ್ಲಿ ಶಾಲೆ ಕಲಿತದ್ದು ಒಬ್ಬರು ಮರಾಠಿಯಲ್ಲಿ, ಇನ್ನೊಬ್ಬರು ತೆಲುಗಿನಲ್ಲಿ, ಮತ್ತೊಬ್ಬರು ಕನ್ನಡದಲ್ಲಿ. ಎದುರುಬದುರಾದಾಗ ಎಲ್ಲರಿಗೂ ಒದಗುವುದು ಗೋರ್‌ಬೋಲಿ, ನಾವು ಲಂಬಾಣಿ ಎನ್ನುವ ಭಾಷೆ. ನಾಲ್ಕು ರಾಜ್ಯಗಳ ಜನರನ್ನು ಕೂಡಿಸುವ ಈ ಮಾತಿಗೆ ಅದೇ ತಾಂಡಾದ ಮಕ್ಕಳು ಓದುವ ಹೈಸ್ಕೂಲಿನ ವೇಳಾಪಟ್ಟಿಯಲ್ಲಿ ಒಂದು ಪೀರಿಯಡ್ಡೂ ಇಲ್ಲ.

ಆ ವೇಳಾಪಟ್ಟಿ ನಮಗೆಲ್ಲ ಗೊತ್ತಿರುವಂಥದ್ದೇ. ಪ್ರಥಮ ಭಾಷೆ ಕನ್ನಡಕ್ಕೆ 125 ಅಂಕ, ದ್ವಿತೀಯ ಭಾಷೆ ಇಂಗ್ಲಿಷ್, ತೃತೀಯ ಭಾಷೆ ಹಿಂದಿ, ಗಣಿತ, ವಿಜ್ಞಾನ, ಸಮಾಜ ವಿಜ್ಞಾನ, ಇವಕ್ಕೆ ತಲಾ 100, ಒಟ್ಟು 625. ಮನೆಯಲ್ಲಿ ಕನ್ನಡ ಆಡುವ ಮಗುವಿಗೆ ಇದರಲ್ಲಿ ಎರಡು ಭಾಷೆ ಹೊರಗಿನವು. ತಾಂಡಾದ ಮಗುವಿಗೆ ಮೂರೂ ಹೊರಗಿನವು. ಅಂಗಡಿಯಲ್ಲಿ, ಬಸ್ಸಿನಲ್ಲಿ, ಹೊಲದ ಯಜಮಾನನ ಹತ್ತಿರ ಕಲಿತ ಕನ್ನಡ ಅದಕ್ಕೆ ಚೆನ್ನಾಗಿಯೇ ಬರುತ್ತದೆ. ಪಠ್ಯಪುಸ್ತಕದ ಕನ್ನಡದ ಮಾತು ಬೇರೆ. ಇಷ್ಟೆಲ್ಲ ಭಾಷೆಗಳ ನಡುವೆ ಗಣಿತವನ್ನು ಯಾವುದರಲ್ಲಿ ಕಲಿಸಿದರೆ ಅದು ತಲೆಯಲ್ಲಿ ನಿಲ್ಲುತ್ತದೆ? ಇಂಗ್ಲಿಷನ್ನು ಗಣಿತದ ಮಾಧ್ಯಮ ಮಾಡಬೇಕೆ, ಒಂದು ಭಾಷೆಯಾಗಿ ಗಟ್ಟಿಯಾಗಿ ಕಲಿಸಿದರೆ ಸಾಕೆ? ನಲವತ್ತು ವರ್ಷಗಳಿಗೂ ಮೇಲ್ಪಟ್ಟು ಕರ್ನಾಟಕ ಈ ಪ್ರಶ್ನೆಯ ಮೇಲೆ ಬೀದಿಗಿಳಿದಿದೆ, ಕೋರ್ಟಿಗೆ ಹೋಗಿದೆ, ಆಯೋಗಗಳನ್ನು ನೇಮಿಸಿದೆ. ಆದರೆ ಆ ಜಗಳವೆಲ್ಲ ಕನ್ನಡ ಮತ್ತು ಇಂಗ್ಲಿಷ್ ಎಂಬ ಎರಡು ಕೊನೆಗಳ ನಡುವೆ ನಡೆಯಿತು. ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ಜಗಳೂರಿನ ತಾಂಡಾಗಳಿಂದ ಹೈಸ್ಕೂಲಿಗೆ ಬರುವ ಮಕ್ಕಳನ್ನು ಎದುರಿಗಿಟ್ಟುಕೊಂಡು ನೋಡಿದರೆ ಪ್ರಶ್ನೆಯ ಆಕಾರವೇ ಬದಲಾಗುತ್ತದೆ. ಈ ಲೇಖನದ ಪ್ರಯತ್ನ ಅದು.

ಕೂಲಿಮಠದಿಂದ ಸುಪ್ರೀಂ ಕೋರ್ಟಿನವರೆಗೆ

ಕನ್ನಡದಲ್ಲಿ ಗಣಿತ ನಡೆಯುತ್ತದೆಯೇ ಎಂಬ ಅನುಮಾನಕ್ಕೆ ಹಳೆಯ ಉತ್ತರವೊಂದಿದೆ. 9ನೆಯ ಶತಮಾನದಲ್ಲಿ ರಾಷ್ಟ್ರಕೂಟರ ಅಮೋಘವರ್ಷನ ಕಾಲದ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ'ವನ್ನು ಸಂಸ್ಕೃತದಲ್ಲಿ ಬರೆದ. 12ನೆಯ ಶತಮಾನದ ರಾಜಾದಿತ್ಯ 'ವ್ಯವಹಾರಗಣಿತ', 'ಕ್ಷೇತ್ರಗಣಿತ'ಗಳನ್ನು ಕನ್ನಡದಲ್ಲೇ ಬರೆದ. ಬಡ್ಡಿ, ಪಾಲು, ಹೊಲದ ಅಳತೆ, ಚಿನ್ನದ ತೂಕ, ಇವು ಆ ಗಣಿತದ ವಿಷಯ. ಊರಿನ ಕೂಲಿಮಠಗಳಲ್ಲಿ ಐಗಳು ಮರಳಿನ ಮೇಲೆ ಅಕ್ಷರ ತಿದ್ದಿಸಿ, ಮಗ್ಗಿ ಹೇಳಿಸಿ, ಕಾಲು ಅರೆ ಮುಕ್ಕಾಲಿನ ಲೆಕ್ಕ ಕಲಿಸುತ್ತಿದ್ದದ್ದೂ ಕನ್ನಡದಲ್ಲೇ. ಆ ಮಠಗಳಿಗೆ ಎಲ್ಲರ ಮಕ್ಕಳೂ ಹೋಗುತ್ತಿರಲಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು.

1854ರ ವುಡ್ ವರದಿ ಕೆಳಗಿನ ತರಗತಿಗಳಿಗೆ ದೇಶಭಾಷೆ, ಮೇಲಿನವಕ್ಕೆ ಇಂಗ್ಲಿಷ್ ಎಂಬ ಎರಡಂತಸ್ತಿನ ಏರ್ಪಾಡನ್ನು ತಂದಿತು. ಹೈಸ್ಕೂಲು ಆ ಎರಡು ಅಂತಸ್ತಿನ ನಡುವಿನ ಮೆಟ್ಟಿಲಾಯಿತು. ಇವತ್ತಿನ ಗೊಂದಲದ ಬೇರು ಅಲ್ಲಿದೆ ಎಂದು ನನಗನ್ನಿಸುತ್ತದೆ, ಏಕೆಂದರೆ ಮೇಲಿನ ಅಂತಸ್ತು ಇವತ್ತಿಗೂ ಹೆಚ್ಚುಕಡಿಮೆ ಅಲ್ಲೇ ನಿಂತಿದೆ. ಕುವೆಂಪು 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಯಾಗಿದ್ದಾಗ ಕಾಲೇಜಿನ ಪಾಠವನ್ನೂ ಕನ್ನಡಕ್ಕೆ ತರಲು, ಅದಕ್ಕೆ ಪಠ್ಯ ಬರೆಸಲು ಹೊರಟದ್ದು ಆ ಮೆಟ್ಟಿಲನ್ನೇ ತೆಗೆಯುವ ಯತ್ನ. ಕಲಾ ವಿಷಯಗಳಲ್ಲಿ ಅದು ಬಹುಮಟ್ಟಿಗೆ ನಡೆಯಿತು. ವಿಜ್ಞಾನ ಮತ್ತು ಗಣಿತದಲ್ಲಿ ನಡೆಯಲಿಲ್ಲ.

ತ್ರಿಭಾಷಾ ಸೂತ್ರ 1968ರ ರಾಷ್ಟ್ರೀಯ ಶಿಕ್ಷಣ ನೀತಿಯೊಂದಿಗೆ ಗಟ್ಟಿಯಾಯಿತು. ಅದೇ ವರ್ಷ ತಮಿಳುನಾಡು ಹಿಂದಿಯನ್ನು ಕೈಬಿಟ್ಟು ಎರಡೇ ಭಾಷೆಗೆ ನಿಂತಿತು. ಕರ್ನಾಟಕ ಮೂರನ್ನೂ ಉಳಿಸಿಕೊಂಡಿತು. ಮೂರರಲ್ಲಿ ಮೊದಲನೆಯದು ಯಾವುದಿರಬೇಕು ಎಂಬುದಕ್ಕೇ ಇಲ್ಲಿ ಜಗಳವಾದದ್ದು. ಹೈಸ್ಕೂಲಿನಲ್ಲಿ ಕನ್ನಡವನ್ನು ಓದದೆಯೇ ದಾಟುವ ದಾರಿಗಳಿದ್ದವು. ವಿ.ಕೃ. ಗೋಕಾಕರ ಸಮಿತಿ 1981ರಲ್ಲಿ ವರದಿ ಕೊಟ್ಟು, ಹೈಸ್ಕೂಲಿನಲ್ಲಿ ಕನ್ನಡವೇ ಏಕೈಕ ಪ್ರಥಮ ಭಾಷೆಯಾಗಬೇಕು ಎಂದಿತು. ವರದಿ ಜಾರಿಗಾಗಿ 1982ರಲ್ಲಿ ಎದ್ದ ಚಳವಳಿಗೆ ರಾಜಕುಮಾರ್ ಧುಮುಕಿದ ಮೇಲೆ ಅದು ಇಡೀ ನಾಡಿನ ಚಳವಳಿಯಾಯಿತು. ಅಂಕಪಟ್ಟಿಯ ಆ 125 ಎಂಬ ಸಂಖ್ಯೆ ಅದರ ಗುರುತು.

ಆಮೇಲಿನದು ಕೋರ್ಟಿನ ಕತೆ. 1994ರ ಭಾಷಾನೀತಿ ಆದೇಶ, ಒಂದರಿಂದ ನಾಲ್ಕನೆಯ ತರಗತಿವರೆಗೆ ಮಾತೃಭಾಷೆ ಅಥವಾ ಕನ್ನಡವೇ ಮಾಧ್ಯಮ ಎಂದಿತು. ಹೈಕೋರ್ಟಿನ ಪೂರ್ಣಪೀಠ 2008ರಲ್ಲಿ ಖಾಸಗಿ ಅನುದಾನರಹಿತ ಶಾಲೆಗಳಿಗೆ ಇದು ಅನ್ವಯಿಸದು ಎಂದಿತು. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಅದನ್ನೇ ಎತ್ತಿಹಿಡಿಯಿತು. ಮಗುವಿನ ಮಾತೃಭಾಷೆ ಯಾವುದೆಂದು ಹೇಳುವವರು ತಂದೆತಾಯಿ, ಮಾಧ್ಯಮ ಆರಿಸುವ ಹಕ್ಕೂ ಅವರದೇ ಎಂಬುದು ಆ ತೀರ್ಪಿನ ತಿರುಳು. ಈ ನಡುವೆ ಸರ್ಕಾರ ತಾನೇ ಇಂಗ್ಲಿಷಿನ ಕಡೆ ಹೆಜ್ಜೆ ಹಾಕಿತ್ತು. ಐದನೆಯ ತರಗತಿಯಿಂದ ಶುರುವಾಗುತ್ತಿದ್ದ ಇಂಗ್ಲಿಷ್ 2007-08ರಿಂದ ಸರ್ಕಾರಿ ಶಾಲೆಯ ಒಂದನೆಯ ತರಗತಿಗೇ ಬಂತು. 2019-20ರಲ್ಲಿ 1,000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳು ತೆರೆದವು. 2025ರ ಆಗಸ್ಟಿನಲ್ಲಿ ಸುಖದೇವ್ ಥೋರಟ್ ನೇತೃತ್ವದ ರಾಜ್ಯ ಶಿಕ್ಷಣ ನೀತಿ ಆಯೋಗ ವರದಿ ಕೊಟ್ಟು, ಐದನೆಯ ತರಗತಿವರೆಗೆ ಕನ್ನಡ ಅಥವಾ ಮಾತೃಭಾಷೆಯ ಮಾಧ್ಯಮ, ಮೂರು ಭಾಷೆಯ ಬದಲು ಎರಡು ಭಾಷೆ ಎಂದು ಶಿಫಾರಸು ಮಾಡಿತು.

ಕನ್ನಡದಲ್ಲೇ ಗಣಿತ ಎನ್ನುವವರು

ಈ ಪಂಥದ ಬಲ ಸರಳವಾದ ಒಂದು ತಿಳಿವಿನಲ್ಲಿದೆ: ಗೊತ್ತಿಲ್ಲದ ವಿಷಯವನ್ನು ಗೊತ್ತಿಲ್ಲದ ಭಾಷೆಯಲ್ಲಿ ಕಲಿಸಿದರೆ ಮಗುವಿಗೆ ಎರಡೂ ದಕ್ಕುವುದಿಲ್ಲ. ಯುನೆಸ್ಕೊ 1953ರಷ್ಟು ಹಿಂದೆಯೇ ದೇಶಭಾಷೆಗಳ ಪರವಾಗಿ ಇದನ್ನು ಹೇಳಿತ್ತು. ಕೆನಡಾದ ಜಿಮ್ ಕಮ್ಮಿನ್ಸ್ 1970ರ ದಶಕದ ಕೊನೆಯಿಂದ ಇದಕ್ಕೊಂದು ಸಿದ್ಧಾಂತ ಕಟ್ಟಿದರು. ಎರಡನೆಯ ಭಾಷೆಯಲ್ಲಿ ಮಾತಾಡುವುದು ಸುಮಾರು ಎರಡು ವರ್ಷಕ್ಕೆ ಬಂದೀತು. ಅದರಲ್ಲಿ ಪಾಠ ಓದಿ, ತರ್ಕ ಮಾಡಿ, ಬರೆಯುವ ಮಟ್ಟ ಬರಲು ಐದರಿಂದ ಏಳು ವರ್ಷ ಬೇಕು ಎಂಬುದು ಅವರ ಲೆಕ್ಕ.

ನಮ್ಮ ತಾಲ್ಲೂಕುಗಳಿಗೆ ಈ ಲೆಕ್ಕವನ್ನು ತಂದು ನೋಡಿ. ಮೊರಾರ್ಜಿ ದೇಸಾಯಿ ವಸತಿ ಶಾಲೆಗೆ ಪ್ರವೇಶ ಪರೀಕ್ಷೆ ಬರೆದು ಆಯ್ಕೆಯಾದ ಹುಡುಗಿ ಐದನೆಯ ತರಗತಿವರೆಗೆ ಕನ್ನಡದಲ್ಲಿ ಓದಿ ಆರರಲ್ಲಿ ಇಂಗ್ಲಿಷ್ ಮಾಧ್ಯಮಕ್ಕೆ ಕಾಲಿಡುತ್ತಾಳೆ. ಎಸ್ಸೆಸ್ಸೆಲ್ಸಿಗೆ ಅವಳ ಕೈಯಲ್ಲಿರುವುದು ಐದು ವರ್ಷ. ಕಮ್ಮಿನ್ಸ್ ಹೇಳುವ ಗಡುವಿನ ಮೊದಲ ಅಂಚಿಗೆ ಅವಳು ತಲುಪುವ ಹೊತ್ತಿಗೆ ಪರೀಕ್ಷೆಯೇ ಬಂದಿರುತ್ತದೆ. ಕನ್ನಡವೇ ಅವಳಿಗೆ ಎರಡನೆಯ ಭಾಷೆಯಾಗಿದ್ದರೆ ಒಂದು ಗಡುವು ಮುಗಿಯುವ ಮೊದಲೇ ಇನ್ನೊಂದು ಶುರುವಾಗಿದೆ. ಇಷ್ಟಾಗಿಯೂ ಈ ಶಾಲೆಗಳ ಫಲಿತಾಂಶ ಸಾಮಾನ್ಯವಾಗಿ ಚೆನ್ನಾಗಿಯೇ ಬರುತ್ತದೆ. ಅದು ಮಾಧ್ಯಮದ ಗೆಲುವೋ, ಆಯ್ದ ಮಕ್ಕಳು, ಹೊಟ್ಟೆತುಂಬ ಊಟ, ಸಂಜೆಯ ಓದು, ವರ್ಷಪೂರ್ತಿ ಹಾಜರಾತಿ ಇವುಗಳ ಗೆಲುವೋ ಎಂದು ಬಿಡಿಸಿ ನೋಡದೆ ಇಂಗ್ಲಿಷಿಗೆ ಶಹಬ್ಬಾಸ್ ಎನ್ನುವುದು ಅವಸರದ ಮಾತು.

ಮಲೇಷ್ಯಾದ ಅನುಭವವನ್ನು ಈ ಪಂಥದವರು ಮತ್ತೆ ಮತ್ತೆ ನೆನಪಿಸುತ್ತಾರೆ, ನೆನಪಿಸಬೇಕಾದದ್ದೇ. ಅಲ್ಲಿ 2003ರಲ್ಲಿ ಗಣಿತ ಮತ್ತು ವಿಜ್ಞಾನವನ್ನು ಇಂಗ್ಲಿಷಿಗೆ ಬದಲಿಸಿದರು. ಹಳ್ಳಿಯ ಮಕ್ಕಳು ಹಿಂದೆ ಬಿದ್ದರು. ಶಿಕ್ಷಕರೇ ಎರಡು ಭಾಷೆ ಬೆರೆಸಿ ಪಾಠ ಮಾಡುವಂತಾಯಿತು. 2009ರಲ್ಲಿ ಸರ್ಕಾರ ನೀತಿಯನ್ನು ಹಿಂದಕ್ಕೆ ತೆಗೆದುಕೊಳ್ಳುವ ನಿರ್ಧಾರ ಮಾಡಿ 2012ರಿಂದ ಮಲಯ ಭಾಷೆಗೆ ಮರಳಿತು. ಹಣವಿದ್ದ, ಸಿದ್ಧತೆಯಿದ್ದ ದೇಶಕ್ಕೇ ಹೀಗಾಯಿತು.

ಆದರೆ ಈ ಪಂಥ ಒಂದು ಮಾತನ್ನು ಪೂರ್ತಿ ಎದುರಿಸಿಲ್ಲ. ಹತ್ತನೆಯ ತರಗತಿಯ ಗಣಿತ ಪುಸ್ತಕದ ಒಂದು ಅಧ್ಯಾಯದ ಹೆಸರು 'ಎರಡು ಚರಾಕ್ಷರಗಳಿರುವ ರೇಖಾತ್ಮಕ ಸಮೀಕರಣಗಳ ಜೋಡಿಗಳು'. ಸಮಾಂತರ ಶ್ರೇಢಿ, ಬಹುಪದೋಕ್ತಿ, ನಿರ್ದೇಶಾಂಕ ರೇಖಾಗಣಿತ, ಸಂಭವನೀಯತೆ: ಈ ಪದಗಳು ಶಾಲೆಯ ಹೊರಗೆ ಎಲ್ಲೂ ಕಿವಿಗೆ ಬೀಳುವುದಿಲ್ಲ, ಕನ್ನಡದ ಮನೆಯಲ್ಲೂ ಇಲ್ಲ. ಕೂಡು, ಕಳೆ, ಪಾಲು, ಬಡ್ಡಿ, ಅಳತೆ ಎಂಬ ರಾಜಾದಿತ್ಯನ ಕಾಲದ ನಾಡುಮಾತಿನಿಂದ ಶಾಲೆಯ ಗಣಿತ ತುಂಬ ದೂರ ಬಂದುಬಿಟ್ಟಿದೆ. ಕನ್ನಡ ಮಾಧ್ಯಮ ಎಂದ ಮಾತ್ರಕ್ಕೆ ಅದು ಮಗುವಿಗೆ ಗೊತ್ತಿರುವ ಭಾಷೆ ಎಂದಾಗುವುದಿಲ್ಲ.

ಇಂಗ್ಲಿಷ್ ಬೇಕೇ ಬೇಕು ಎನ್ನುವವರು

ಇಂಗ್ಲಿಷ್ ಕೇಳುವ ತಂದೆತಾಯಿಯನ್ನು ವ್ಯಾಮೋಹಿಗಳು ಎಂದು ತಳ್ಳಿಹಾಕುವ ಚಾಳಿ ನಮ್ಮ ಬರಹಗಳಲ್ಲಿದೆ. ಅದು ಅನ್ಯಾಯ. ಬಂಜಾರರು ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ದೇಶವೆಲ್ಲ ಸಾಗಿಸಿದವರು. ರೈಲು ಬಂದು ಆ ಕಸುಬು ನಿಂತಿತು. 1871ರ ಕಾಯ್ದೆ ಅಲೆಮಾರಿ ಸಮುದಾಯಗಳ ನೆತ್ತಿಗೆ ಅಪರಾಧದ ಹಣೆಪಟ್ಟಿ ಅಂಟಿಸಿತು, 1952ರವರೆಗೆ ಅದು ಹೋಗಲಿಲ್ಲ. ಇವತ್ತು ಈ ಭಾಗದ ಎಷ್ಟೋ ಕುಟುಂಬಗಳು ಸುಗ್ಗಿ ಮುಗಿದ ಮೇಲೆ ಕಬ್ಬು ಕಡಿಯಲು, ಕಾಫಿ ಎಸ್ಟೇಟಿನ ಕೆಲಸಕ್ಕೆ ಹೊರಡುತ್ತವೆ. ಎಸ್ಟೇಟಿನ ಲೈನ್ ಮನೆಯಲ್ಲಿ ಉಳಿದುಕೊಳ್ಳುವ ತಾಯಿಗೆ ಆಫೀಸಿನೊಳಗೆ ಕೂತವರು ಯಾವ ಭಾಷೆ ಬಲ್ಲವರು ಎಂಬುದು ಕಣ್ಣಿಗೆ ಕಾಣುತ್ತದೆ. ತನ್ನ ಮಗಳಿಗೂ ಅದು ಬರಲಿ ಎನ್ನುವ ಆಸೆಗೆ ಅವಳು ಯಾರಿಗೂ ಸಮಜಾಯಿಷಿ ಕೊಡಬೇಕಾಗಿಲ್ಲ.

ದಲಿತ ಚಿಂತಕರಲ್ಲಿ ಒಂದು ಧಾರೆ ಇದನ್ನು ವಿಮೋಚನೆಯ ಪ್ರಶ್ನೆಯಾಗಿಯೇ ನೋಡುತ್ತದೆ. ಚಂದ್ರಭಾನ್ ಪ್ರಸಾದ್ ಉತ್ತರ ಪ್ರದೇಶದ ಬಂಕಾ ಗ್ರಾಮದಲ್ಲಿ 2010ರಲ್ಲಿ 'ಇಂಗ್ಲಿಷ್ ದೇವಿ'ಗೆ ಗುಡಿ ಕಟ್ಟಿಸಲು ಹೊರಟದ್ದು ಆ ಧಾರೆಯ ದಿಟ್ಟ ಘೋಷಣೆ. ದೇಶಭಾಷೆಯ ಶಾಲೆಗಳೂ ಕೆಳಜಾತಿಯ ಮಕ್ಕಳನ್ನು ಅಕ್ಕರೆಯಿಂದೇನೂ ಕರೆದುಕೊಂಡಿರಲಿಲ್ಲ ಎಂಬ ನೆನಪು ಅದರ ಹಿಂದಿದೆ.

ಗಣಿತದ ವಿಷಯಕ್ಕೆ ಬಂದರೆ ಇವರ ವಾದಕ್ಕೆ ಇನ್ನೂ ಹರಿತವಾದ ಅಲಗಿದೆ. ಹೇಗಿದ್ದರೂ ಪಿಯುಸಿ ವಿಜ್ಞಾನದ ಪಾಠ ಬಹುತೇಕ ಇಂಗ್ಲಿಷಿನಲ್ಲೇ ನಡೆಯುತ್ತದೆ. ಶ್ರೇಢಿಯನ್ನು ಕಲಿತವನು ಎರಡು ತಿಂಗಳ ರಜೆ ಮುಗಿಸಿ ಬಂದು ಅದನ್ನೇ ಪ್ರೋಗ್ರೆಷನ್ ಎಂದು ಗುರುತು ಹಿಡಿಯಬೇಕು. ಕನ್ನಡ ಪುಸ್ತಕದಲ್ಲೂ ಎಕ್ಸ್, ವೈ, ಸೈನ್, ಕಾಸ್ ರೋಮನ್ ಅಕ್ಷರದಲ್ಲೇ ಇವೆ. ಅಂದಮೇಲೆ ಎರಡು ಸಲ ಕಲಿಯುವ ಶ್ರಮ ಏಕೆ? ನೀಟ್ 2017ರಿಂದ, ಜೆಇಇ ಮೇನ್ 2021ರಿಂದ ಕನ್ನಡದಲ್ಲೂ ಬರೆಯಬಹುದಾಗಿದೆ, ನಿಜ. ಆದರೆ ಪರೀಕ್ಷೆ ಬರೆದು ಗೆದ್ದು ಹೋಗುವ ಕಾಲೇಜು ಕನ್ನಡದ್ದಲ್ಲ. ಕನ್ನಡದಲ್ಲಿ ಎಂಜಿನಿಯರಿಂಗ್ ಕಲಿಸುವ ಅವಕಾಶ 2021-22ರಲ್ಲಿ ತೆರೆದಾಗ ಸೀಟುಗಳು ಬಹುಪಾಲು ಖಾಲಿ ಉಳಿದವು.

ಚನ್ನಗಿರಿ ತಾಲ್ಲೂಕಿನ ದೇವರಹಳ್ಳಿಯಲ್ಲಿರುವ ಜವಾಹರ್ ನವೋದಯ ವಿದ್ಯಾಲಯವೂ ಇದೇ ಸಮಸ್ಯೆಗೆ ಒಂದು ಉತ್ತರ ಹುಡುಕಿದ ವ್ಯವಸ್ಥೆಯ ಭಾಗ. 1986ರ ಶಿಕ್ಷಣ ನೀತಿಯ ಕೂಸಾದ ನವೋದಯಗಳಲ್ಲಿ ಮೊದಲ ವರ್ಷಗಳ ಪಾಠ ಪ್ರದೇಶದ ಭಾಷೆಯಲ್ಲಿ. ಆಮೇಲೆ ಗಣಿತ, ವಿಜ್ಞಾನ ಇಂಗ್ಲಿಷಿಗೆ ಹೊರಳುತ್ತವೆ. ಹಂತಹಂತವಾದ ಈ ಹೊರಳುವಿಕೆ ಒಳ್ಳೆಯ ಮಾದರಿ. ಜಿಲ್ಲೆಗೊಂದೇ ಶಾಲೆ, ವರ್ಷಕ್ಕೆ ಸುಮಾರು 80 ಮಕ್ಕಳು ಎಂಬುದು ಅದರ ಮಿತಿ.

ಉಳಿದ ಶಾಲೆಗಳ ಇಂಗ್ಲಿಷ್ ಮಾಧ್ಯಮ ತರಗತಿಯಲ್ಲಿ ಆಗುವುದು ಬೇರೆ. ಬೋರ್ಡಿನ ಮೇಲೆ ಲೆಕ್ಕ ಇಂಗ್ಲಿಷಿನಲ್ಲಿ, ವಿವರಣೆ ಕನ್ನಡದಲ್ಲಿ, ಉತ್ತರ ಬಾಯಿಪಾಠದಲ್ಲಿ. ಶಿಕ್ಷಕರನ್ನು ದೂರುವಂತಿಲ್ಲ, ಅವರೂ ಹಾಗೇ ಕಲಿತು ಬಂದವರು. ಇಂಗ್ಲಿಷ್ ಮಾಧ್ಯಮ ಎಂಬ ಬೋರ್ಡಿನ ಕೆಳಗೆ ಕೂತ ಮಗುವಿಗೆ ಇಂಗ್ಲಿಷ್ ಬರುತ್ತದೆ ಎಂಬ ನಂಬಿಕೆಯನ್ನು ಮಾತ್ರ ಯಾವ ಸಾಕ್ಷ್ಯವೂ ಎತ್ತಿಹಿಡಿದಿಲ್ಲ. ಭಾಷೆಯಾಗಿ ಇಂಗ್ಲಿಷನ್ನು ಚೆನ್ನಾಗಿ ಕಲಿಸುವ ಶಿಕ್ಷಕ ಪ್ರತಿ ಹೈಸ್ಕೂಲಿಗೂ ಬೇಕು. ಆ ಬೇಡಿಕೆ ಮಾಧ್ಯಮದ ಗದ್ದಲದಲ್ಲಿ ಮುಳುಗಿಹೋಗಿದೆ ಎಂಬುದು ನನ್ನ ಮುಖ್ಯ ತಕರಾರು.

ಮನೆಮಾತನ್ನು ಒಳಗೆ ಬಿಡಿ ಎನ್ನುವವರು

2011ರ ಜನಗಣತಿಯಲ್ಲಿ ಲಮಾಣಿ ಅಥವಾ ಲಂಬಾಡಿ ತಮ್ಮ ಮಾತೃಭಾಷೆ ಎಂದವರು 32 ಲಕ್ಷಕ್ಕೂ ಹೆಚ್ಚು. ಈ ಸಂಖ್ಯೆ ಸಿಗುವುದು 'ಹಿಂದಿ' ಎಂಬ ತಲೆಬರಹದ ಕೆಳಗೆ. ಅಂದರೆ ಲೆಕ್ಕದ ಪುಸ್ತಕದಲ್ಲಿ ತಾಂಡಾದ ಹುಡುಗ ಹಿಂದಿಯವನು. ತರಗತಿಯಲ್ಲಿ ಅದೇ ಹಿಂದಿ ಅವನಿಗೆ ಆರನೆಯ ತರಗತಿಯಲ್ಲಿ ಅ ಆ ಇ ಈಯಿಂದ ಕಲಿಯಬೇಕಾದ ತೃತೀಯ ಭಾಷೆ. ಲಂಬಾಣಿ ರಾಜಸ್ಥಾನಿ ಮಾತುಗಳ ಬಳಗದ ಇಂಡೋ-ಆರ್ಯನ್ ಭಾಷೆ ಎಂಬುದು ನಿಜ. ಏಕ್, ತೀನ್, ಚಾರ್ ಎಂದು ಎಣಿಸುವ ಮಗುವಿಗೆ ಹಿಂದಿಯ ಕೆಲವು ಪದಗಳು ಪರಿಚಿತವಾಗಿ ಕೇಳುತ್ತವೆ. ಆ ನಂಟನ್ನು ಹಿಡಿದು ಕಲಿಸುವ ಪಾಠಕ್ರಮ ನಮ್ಮಲ್ಲಿ ಯಾರೂ ಮಾಡಿಲ್ಲ.

ಸಂವಿಧಾನದ 350ಎ ವಿಧಿ 1956ರ ಏಳನೆಯ ತಿದ್ದುಪಡಿಯಲ್ಲಿ ಬಂದದ್ದು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸಲು ಸೌಕರ್ಯ ಒದಗಿಸುವಂತೆ ಅದು ರಾಜ್ಯಗಳಿಗೆ ಹೇಳುತ್ತದೆ. ಕರ್ನಾಟಕದಲ್ಲಿ ಉರ್ದು, ಮರಾಠಿ, ತಮಿಳು, ತೆಲುಗು ಮಾಧ್ಯಮಗಳಿವೆ. ತೃತೀಯ ಭಾಷೆಯಾಗಿ ಕೊಂಕಣಿ ಬಂತು, 2010ರ ಸುಮಾರಿಗೆ ತುಳುವೂ ಬಂತು, ಮಕ್ಕಳು ಎಸ್ಸೆಸ್ಸೆಲ್ಸಿಯಲ್ಲಿ ಬರೆಯುತ್ತಿದ್ದಾರೆ. ಲಂಬಾಣಿ ಎರಡು ಪಟ್ಟಿಯಲ್ಲೂ ಇಲ್ಲ.

ಬಹುಭಾಷಾ ಶಿಕ್ಷಣದ ಪಂಥ ಲಂಬಾಣಿ ಮಾಧ್ಯಮದ ಹೈಸ್ಕೂಲು ಬೇಕೆಂದು ಕೇಳುವುದಿಲ್ಲ. ಮೊದಲ ವರ್ಷಗಳಲ್ಲಿ ಮನೆಮಾತಿನಲ್ಲಿ ಎಣಿಕೆ, ಹೋಲಿಕೆ, ಅಳತೆ ಗಟ್ಟಿಯಾಗಲಿ, ಅಲ್ಲಿಂದ ಕನ್ನಡಕ್ಕೆ, ಕನ್ನಡದಿಂದ ಇಂಗ್ಲಿಷಿಗೆ ಸೇತುವೆ ಕಟ್ಟೋಣ ಎಂಬುದು ಅದರ ಮಾತು. ಒಡಿಶಾ 2006-07ರಿಂದ ಹತ್ತು ಬುಡಕಟ್ಟು ಭಾಷೆಗಳಲ್ಲಿ ಹೀಗೆ ಶುರುಮಾಡಿತು. ಅಲ್ಲಿಯ ಕೊಂಧ ಮಕ್ಕಳ ನಡುವೆ ದಶಕಗಳ ಕಾಲ ಕೆಲಸ ಮಾಡಿದ ಅಜಿತ್ ಮೊಹಾಂತಿ, ಎರಡು ಭಾಷೆಯನ್ನು ಉಳಿಸಿಕೊಂಡ ಮಕ್ಕಳು ಒಂದನ್ನು ಕಳೆದುಕೊಂಡವರಿಗಿಂತ ಬುದ್ಧಿಯ ಕೆಲಸಗಳಲ್ಲಿ ಮುಂದಿದ್ದದ್ದನ್ನು ತೋರಿಸಿಕೊಟ್ಟರು. ತಾಂಡಾದ ಮಗುವಿನ ಭಾಷೆಯನ್ನು ಅಡ್ಡಿ ಎಂದುಕೊಂಡ ಶಾಲೆಗಳಿಗೆ ಇದು ಕೇಳಿಸಬೇಕು.

ಇದಕ್ಕೆ ಎದುರಾದ ಉದಾಹರಣೆಯನ್ನೂ ಮುಚ್ಚಿಡಬಾರದು. ಫಿಲಿಪ್ಪೀನ್ಸ್ 2012ರಿಂದ ಮೂರನೆಯ ತರಗತಿವರೆಗೆ ಮಾತೃಭಾಷಾ ಮಾಧ್ಯಮವನ್ನು ದೇಶವ್ಯಾಪಿ ಮಾಡಿತು. ಪುಸ್ತಕ ಸಾಲದೆ, ಒಂದೇ ತರಗತಿಯಲ್ಲಿ ಹಲವು ಮನೆಮಾತುಗಳಿದ್ದು, ಶಿಕ್ಷಕರಿಗೆ ತರಬೇತಿ ಇಲ್ಲದೆ ಅದು ಸೊರಗಿತು. 2024ರ ಕಾಯ್ದೆ ಅದರ ಕಡ್ಡಾಯವನ್ನು ತೆಗೆಯಿತು. ನಮ್ಮಲ್ಲೂ ತಾಂಡಾದೊಳಗಿನ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಎಲ್ಲರ ಮನೆಮಾತು ಲಂಬಾಣಿ ಇರಬಹುದು. ಹೈಸ್ಕೂಲಿಗೆ ಬಂದಾಗ ಒಂದೇ ಬೆಂಚಿನಲ್ಲಿ ಕನ್ನಡ, ಲಂಬಾಣಿ, ಉರ್ದು, ತೆಲುಗು ಮಕ್ಕಳು ಕೂತಿರುತ್ತಾರೆ.

ಭಾಷೆಯಲ್ಲ, ಗಣಿತವೇ ಕಲಿತಿಲ್ಲ ಎನ್ನುವವರು

ನಾಲ್ಕನೆಯ ಪಂಥದವರು ಹೆಚ್ಚಾಗಿ ಗಣಿತದ ಶಿಕ್ಷಕರೇ. ಎಂಟನೆಯ ತರಗತಿಗೆ ಬರುವ ಮಗುವಿಗೆ ಭಾಗಾಕಾರ ಬರುವುದಿಲ್ಲ, ಭಿನ್ನರಾಶಿ ಎಂದರೆ ಹೆದರಿಕೆ; ಯಾವ ಮಾಧ್ಯಮದಲ್ಲಿ ಹೇಳಿದರೇನು ಎನ್ನುತ್ತಾರೆ ಅವರು. ಮಾತಿನಲ್ಲಿ ಹುರುಳಿದೆ. ಸುಗ್ಗಿಯ ನಂತರದ ವಲಸೆಯಲ್ಲಿ ಮಗು ಎರಡು ಮೂರು ತಿಂಗಳು ಶಾಲೆ ತಪ್ಪಿಸಿಕೊಂಡರೆ ಸಮಾಜ ವಿಜ್ಞಾನದ ತಪ್ಪಿದ ಪಾಠವನ್ನು ಹೇಗೋ ಓದಿಕೊಳ್ಳಬಹುದು. ಗಣಿತದಲ್ಲಿ ಒಂದು ಮೆಟ್ಟಿಲು ತಪ್ಪಿದರೆ ಮುಂದಿನದೆಲ್ಲ ತಪ್ಪುತ್ತದೆ. ಅಕ್ಷರ ಫೌಂಡೇಷನ್ ಸರ್ಕಾರದ ಜೊತೆ ನಡೆಸಿದ 'ಗಣಿತ ಕಲಿಕಾ ಆಂದೋಲನ' ಮಣಿ, ಕಡ್ಡಿ, ಘನಗಳ ಪೆಟ್ಟಿಗೆಯನ್ನು ಪ್ರಾಥಮಿಕ ಶಾಲೆಗಳಿಗೆ ಕೊಂಡೊಯ್ದದ್ದು ಈ ಕೊರತೆಯನ್ನು ಬುಡದಲ್ಲೇ ತುಂಬಲು.

ಇದೇ ಪಂಥದ ಇನ್ನೊಂದು ಕವಲು ಬೀದಿಯ ಲೆಕ್ಕದತ್ತ ಬೊಟ್ಟು ಮಾಡುತ್ತದೆ. ಬ್ರೆಜಿಲಿನ ರೆಸಿಫೆ ನಗರದಲ್ಲಿ ತೆರೆಜಿನ್ಹಾ ಕ್ಯಾರಹರ್ ಮತ್ತು ಸಂಗಡಿಗರು 1985ರಲ್ಲಿ ಪ್ರಕಟಿಸಿದ ಅಧ್ಯಯನ ಪ್ರಸಿದ್ಧ. ಎಳನೀರು, ಹಣ್ಣು ಮಾರುವ ಮಕ್ಕಳು ಮಾರಾಟದ ಹೊತ್ತಿನಲ್ಲಿ 98 ಪ್ರತಿಶತ ಲೆಕ್ಕ ಸರಿ ಮಾಡಿದರು. ಅವೇ ಲೆಕ್ಕಗಳನ್ನು ಶಾಲೆಯ ಧಾಟಿಯಲ್ಲಿ ಕಾಗದದ ಮೇಲೆ ಕೊಟ್ಟಾಗ ಸರಿಯಾದದ್ದು 37 ಪ್ರತಿಶತ. 2025ರಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೊ ಮತ್ತಿತರರು 'ನೇಚರ್' ಪತ್ರಿಕೆಯಲ್ಲಿ ಕೋಲ್ಕತ್ತ ಮತ್ತು ದೆಹಲಿಯ ಮಾರುಕಟ್ಟೆಯ ಮಕ್ಕಳ ಬಗ್ಗೆ ಹತ್ತಿರದ ಮಾತನ್ನೇ ಹೇಳಿದರು. ವ್ಯಾಪಾರದಲ್ಲಿ ಚುರುಕಾದ ಮಕ್ಕಳು ಶಾಲೆಯ ಲೆಕ್ಕದಲ್ಲಿ ಎಡವಿದರು, ಶಾಲೆಯ ಲೆಕ್ಕ ಬಲ್ಲ ಮಕ್ಕಳು ವ್ಯಾಪಾರದ ಲೆಕ್ಕದಲ್ಲಿ ಎಡವಿದರು. ಕಬ್ಬಿನ ಟನ್ನಿಗೆ ಇಷ್ಟು ಕೂಲಿ, ಮುಂಗಡದಲ್ಲಿ ಇಷ್ಟು ಮುರಿದುಕೊಂಡರೆ ಉಳಿದದ್ದೆಷ್ಟು ಎಂಬ ಲೆಕ್ಕ ತಾಂಡಾದ ಮನೆಗಳಲ್ಲಿ ಬಾಯಲ್ಲೇ ನಡೆಯುತ್ತದೆ. ಲಂಬಾಣಿ ಕಸೂತಿಯಲ್ಲಿ ಚೌಕ, ತ್ರಿಕೋನ, ಸಮ್ಮಿತಿ ಬಟ್ಟೆಯ ಮೇಲೆಯೇ ಇದೆ. ಸೊಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ. ಇವುಗಳಲ್ಲಿ ಒಂದೂ ಗಣಿತದ ಪೀರಿಯಡ್ಡಿಗೆ ಬರುವುದಿಲ್ಲ.

ಒಂದು ಲೆಕ್ಕ, ಹತ್ತಿರದಿಂದ

ಈ ಪಂಥಗಳು ಎಲ್ಲಿ ಕೂಡುತ್ತವೆ, ಎಲ್ಲಿ ಬೇರೆಯಾಗುತ್ತವೆ ಎಂದು ನೋಡಲು ಒಂದು ಲೆಕ್ಕ ಸಾಕು. ಹತ್ತನೆಯ ತರಗತಿಯಲ್ಲಿ ಬರುವ ಮಾದರಿಯದು: 'ಎರಡಂಕಿಯ ಸಂಖ್ಯೆಯೊಂದರ ಅಂಕಿಗಳ ಮೊತ್ತ 9. ಅಂಕಿಗಳನ್ನು ಅದಲುಬದಲು ಮಾಡಿದಾಗ ದೊರೆಯುವ ಸಂಖ್ಯೆಯು ಮೂಲ ಸಂಖ್ಯೆಗಿಂತ 27 ಹೆಚ್ಚು. ಆ ಸಂಖ್ಯೆ ಯಾವುದು?'

ತಡವರಿಸುವ ಮಗು ಮೊದಲು ಮಾಡುವುದು 9 ಮತ್ತು 27ನ್ನು ಕೂಡುವುದು ಅಥವಾ ಕಳೆಯುವುದು. 'ಹೆಚ್ಚು' ಎಂಬ ಪದ ಕಂಡರೆ ಕೂಡು ಎಂದು ಅದಕ್ಕೆ ಯಾರೋ ಹೇಳಿಕೊಟ್ಟಿದ್ದಾರೆ. 9ಕ್ಕೆ 27 ಕೂಡಿದರೆ 36; ಉತ್ತರವೂ ಆಕಸ್ಮಿಕವಾಗಿ 36 ಆಗಿರುವುದರಿಂದ ಮಗು ಏನೂ ತಿಳಿಯದೆಯೇ ಸರಿ ಉತ್ತರ ಬರೆದುಬಿಡಬಹುದು, ಶಿಕ್ಷಕರಿಗೂ ಗೊತ್ತಾಗದೆ ಹೋಗಬಹುದು. ನಿಜವಾಗಿ ಬಿಡಿಸಬೇಕಾದರೆ ನಾಲ್ಕು ಕೆಲಸ ಆಗಬೇಕು. 'ಅಂಕಿ' ಬೇರೆ, 'ಸಂಖ್ಯೆ' ಬೇರೆ ಎಂದು ತಿಳಿಯಬೇಕು. ಹತ್ತರ ಸ್ಥಾನದ ಅಂಕಿ ಎಕ್ಸ್ ಆದರೆ ಅದರ ಬೆಲೆ ಹತ್ತು ಎಕ್ಸ್ ಎಂದು ಹೊಳೆಯಬೇಕು. ಯಾವುದು ಯಾವುದಕ್ಕಿಂತ ಹೆಚ್ಚು ಎಂದು 'ಗಿಂತ' ಪ್ರತ್ಯಯವನ್ನು ಹಿಡಿದು ವಾಕ್ಯದ ಎರಡು ತುದಿಗಳನ್ನು ಬೇರೆ ಮಾಡಬೇಕು. ಆಮೇಲೆ ಎರಡು ಸಮೀಕರಣ ಬರೆದು ಅಂಕಿಗಳ ವ್ಯತ್ಯಾಸ 3 ಎಂದು ಕಾಣಬೇಕು. ಮೊದಲನೆಯದೂ ಮೂರನೆಯದೂ ಭಾಷೆಯ ಕೆಲಸ. ಎರಡನೆಯದೂ ನಾಲ್ಕನೆಯದೂ ಗಣಿತದ ಕೆಲಸ. ಒಂದನ್ನು ಬಿಟ್ಟು ಇನ್ನೊಂದು ಸಾಗದು.

ಇಂಥ ವಾಕ್ಯವನ್ನು ಸಮೀಕರಣಕ್ಕೆ ತಿರುಗಿಸುವುದು ಮಾತೃಭಾಷೆಯಲ್ಲೂ ಸುಲಭವಲ್ಲ. ಅಮೆರಿಕದಲ್ಲಿ ಜಾನ್ ಕ್ಲೆಮೆಂಟ್ ಮತ್ತು ಸಂಗಡಿಗರು 1980ರ ದಶಕದ ಆರಂಭದಲ್ಲಿ, ಪ್ರಾಧ್ಯಾಪಕರ ಆರು ಪಟ್ಟು ವಿದ್ಯಾರ್ಥಿಗಳಿದ್ದಾರೆ ಎಂಬ ಒಂದೇ ವಾಕ್ಯವನ್ನು ಸಮೀಕರಣವಾಗಿ ಬರೆಯಲು ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಕೊಟ್ಟರು. ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಅದನ್ನು ತಪ್ಪಾಗಿ ಬರೆದರು, ತಪ್ಪಿದವರಲ್ಲಿ ಹೆಚ್ಚಿನವರು ತಿರುಗುಮುರುಗಾಗಿ. ಅವರಲ್ಲಿ ಬಹುಪಾಲು ಮನೆಯಲ್ಲಿ ಇಂಗ್ಲಿಷೇ ಆಡುವವರು. ಹಾಗಾದರೆ ನ್ಯಾಮತಿಯ ಹುಡುಗನಿಗೆ ಇದೇ ವಾಕ್ಯವನ್ನು ಮೂರನೆಯ ಭಾಷೆಯಲ್ಲಿ ಕೊಟ್ಟು, ತಪ್ಪಿದಾಗ 'ಗಣಿತದಲ್ಲಿ ಮಂದ' ಎಂದು ಬರೆಯುವುದು ಎಷ್ಟು ಸರಿ? ಈ ಲೆಕ್ಕವನ್ನು ಒಮ್ಮೆ ಲಂಬಾಣಿಯಲ್ಲಿ ಪಕ್ಕದವನಿಗೆ ವಿವರಿಸಲು ಬಿಟ್ಟು, ಆಮೇಲೆ ಕನ್ನಡದಲ್ಲಿ ಬರೆಸಿ, ಕೊನೆಗೆ ಇಂಗ್ಲಿಷ್ ಪದಗಳನ್ನು ಪಕ್ಕದಲ್ಲಿ ಬರೆಸುವುದಕ್ಕೆ ಯಾವ ಆದೇಶವೂ ಬೇಕಿಲ್ಲ. ಒಳ್ಳೆಯ ಶಿಕ್ಷಕರು ಸದ್ದಿಲ್ಲದೆ ಮಾಡುವುದು ಇದನ್ನೇ. ನೀತಿಯ ಭಾಷೆಯಲ್ಲಿ ಅದಕ್ಕೊಂದು ಗೌರವದ ಜಾಗ ಸಿಗಬೇಕು ಎಂಬುದು ನನ್ನ ಒತ್ತಾಯ.

ಇನ್ನೂ ತೀರ್ಮಾನವಾಗದವು

ಮೊದಲನೆಯದು ಹೊರಳುವ ವಯಸ್ಸು. ಐದನೆಯ ತರಗತಿವರೆಗೆ ಕನ್ನಡ ಅಥವಾ ಮಾತೃಭಾಷೆ ಎಂಬಲ್ಲಿ 2020ರ ರಾಷ್ಟ್ರೀಯ ನೀತಿಗೂ 2025ರ ರಾಜ್ಯ ಆಯೋಗಕ್ಕೂ ದೊಡ್ಡ ಜಗಳವಿಲ್ಲ. ಆರರಲ್ಲಿ ಒಮ್ಮೆಲೇ ಇಂಗ್ಲಿಷಿಗೆ ಹಾರುವುದೋ, ನವೋದಯದಂತೆ ತಡವಾಗಿ ಗಣಿತ ಮತ್ತು ವಿಜ್ಞಾನವನ್ನು ಮಾತ್ರ ಬದಲಿಸುವುದೋ, ಎಸ್ಸೆಸ್ಸೆಲ್ಸಿವರೆಗೂ ಕನ್ನಡದಲ್ಲಿ ಇದ್ದು ಎರಡು ಭಾಷೆಯ ಪದಗಳನ್ನು ಒಟ್ಟಿಗೆ ಕಲಿಸುವುದೋ ಎಂಬಲ್ಲಿ ಪಂಥಗಳು ಒಡೆಯುತ್ತವೆ. ದ್ವಿಭಾಷಾ ತರಗತಿಗಳತ್ತ ಸರ್ಕಾರ ಇಟ್ಟಿರುವ ಹೆಜ್ಜೆ ಮೂರನೆಯದಕ್ಕೆ ಹತ್ತಿರ. ಎರಡೂ ಭಾಷೆಯಲ್ಲಿ ಗಣಿತ ಹೇಳಬಲ್ಲ ಶಿಕ್ಷಕರನ್ನು ಅದು ಎಲ್ಲಿಂದ ತರುತ್ತದೆ ಎಂಬುದರ ಮೇಲೆ ಎಲ್ಲ ನಿಂತಿದೆ.

ಎರಡನೆಯದು ಮೂರನೆಯ ಭಾಷೆಯ ಭಾರ. ಥೋರಟ್ ಆಯೋಗದ ಮಾತಿನಂತೆ ಹಿಂದಿ ಹೋದರೆ ತಾಂಡಾದ ಮಗುವಿಗೆ ಒಂದು ಹೊರೆ ಇಳಿಯುತ್ತದೆ. ಆ ಪೀರಿಯಡ್ಡುಗಳು ಗಣಿತಕ್ಕೋ ಇಂಗ್ಲಿಷಿಗೋ ಸಿಗಬಹುದು. ಆದರೆ ತುಳು, ಕೊಂಕಣಿಗೆ ಜಾಗ ಸಿಕ್ಕಿದ್ದೂ ಆ ತೃತೀಯ ಭಾಷೆಯ ಬಾಗಿಲಿನಿಂದಲೇ. ಅದು ಮುಚ್ಚಿದರೆ ಲಂಬಾಣಿ ಯಾವ ಬಾಗಿಲಿನಿಂದ ಬರಬೇಕು?

ಮೂರನೆಯದು ಲಿಪಿ. ಕರ್ನಾಟಕದಲ್ಲಿ ಲಂಬಾಣಿಯನ್ನು ಕನ್ನಡ ಲಿಪಿಯಲ್ಲಿ, ತೆಲಂಗಾಣದಲ್ಲಿ ತೆಲುಗಿನಲ್ಲಿ, ಮಹಾರಾಷ್ಟ್ರದಲ್ಲಿ ದೇವನಾಗರಿಯಲ್ಲಿ ಬರೆಯುತ್ತಾರೆ. ಭಾಯಾಗಡದಲ್ಲಿ ಕೂಡುವ ಜನ ಮಾತಿನಲ್ಲಿ ಒಂದಾಗಿ ಬರಹದಲ್ಲಿ ಬೇರೆಯಾಗಿದ್ದಾರೆ. ಎಲ್ಲ ರಾಜ್ಯಗಳಿಗೂ ಒಂದೇ ಲಿಪಿ ಬೇಕು ಎನ್ನುವವರಿದ್ದಾರೆ. ಮಗು ಕಲಿಯುತ್ತಿರುವ ಶಾಲೆಯ ಲಿಪಿಯಲ್ಲೇ ಇರಲಿ, ಇನ್ನೊಂದು ಅಕ್ಷರಮಾಲೆಯ ಹೊರೆ ಬೇಡ ಎನ್ನುವವರಿದ್ದಾರೆ. ಮೊದಲ ವರ್ಷಗಳ ಗಣಿತಕ್ಕೆ ಸಂಬಂಧಿಸಿದ ಮಟ್ಟಿಗೆ ನಾನು ಎರಡನೆಯವರ ಜೊತೆ ನಿಲ್ಲುತ್ತೇನೆ. ಸಮುದಾಯದ ಸಾಹಿತ್ಯಕ್ಕೆ, ರಾಜ್ಯಗಳಾಚೆಯ ಒಗ್ಗಟ್ಟಿಗೆ ಯಾವುದು ಒಳ್ಳೆಯದು ಎಂಬುದನ್ನು ಬಂಜಾರರೇ ಹೇಳಬೇಕು.

ಕೊನೆಯದು, ಆರಿಸುವ ಹಕ್ಕು ಯಾರದು ಎಂಬುದು. 2014ರ ತೀರ್ಪು ಅದನ್ನು ತಂದೆತಾಯಿಯ ಕೈಗೆ ಕೊಟ್ಟಿದೆ. ದಾವಣಗೆರೆಯ ಕುಟುಂಬಕ್ಕೆ ಆರಿಸಲು ಹತ್ತು ಶಾಲೆಗಳಿವೆ. ತಾಂಡಾದ ಕುಟುಂಬಕ್ಕೆ ಇರುವುದು ನಡೆದು ಹೋಗಬಹುದಾದ ಒಂದು ಸರ್ಕಾರಿ ಹೈಸ್ಕೂಲು, ಪರೀಕ್ಷೆ ಬರೆದು ಸೇರಬೇಕಾದ ವಸತಿ ಶಾಲೆಯ ಒಂದು ಸೀಟು. ಅಲ್ಲಿ ಮಾಧ್ಯಮವನ್ನು ನಿರ್ಧರಿಸುವುದು ಕೊನೆಗೂ ಆ ವರ್ಷ ಯಾವ ಶಿಕ್ಷಕರ ಹುದ್ದೆ ತುಂಬಿದೆ ಎಂಬುದು. ಲಂಬಾಣಿ ಬಲ್ಲ ಗಣಿತ ಶಿಕ್ಷಕರು ಜಿಲ್ಲೆಯಲ್ಲಿ ಇದ್ದಾರೆ. ಅವರ ಆ ತಿಳಿವಳಿಕೆಯನ್ನು ಒಂದು ಅರ್ಹತೆಯೆಂದು ಎಣಿಸಿ ತಾಂಡಾಗಳ ಸುತ್ತಲಿನ ಶಾಲೆಗಳಿಗೆ ನೇಮಿಸಬೇಕೆ ಎಂಬ ಪ್ರಶ್ನೆ ನೇಮಕಾತಿಯ ಚರ್ಚೆಯಲ್ಲಿ ಇನ್ನೂ ಎದ್ದಿಲ್ಲ.